ಹಿಂದಿನ ಸೀಟಿನ ಭಾರ

"ಮುಟ್ಟಬೇಡಿ ಸಾರ್, ಅದು ಸಾಕ್ಷಿ!" ಎಂದು ಇನ್ಸ್‌ಪೆಕ್ಟರ್ ಕೂಗುವಷ್ಟರಲ್ಲಿ ನಾನು ಮುಟ್ಟಿಯಾಗಿತ್ತು.

ಮುಟ್ಟದೆ ನೋಡಿ ಎಂದರೆ ಹೇಗೆ ನೋಡುವುದು? ನಾನೇನು ರಜೆಯ ದಿನ ಪ್ರದರ್ಶನ ನೋಡಲು ಬಂದವನೇ? ಪೊಲೀಸ್ ಇಲಾಖೆಯಲ್ಲಿ ಅರ್ಧ ಆಯುಷ್ಯ ಸವೆಸಿ, ಈಗ ಖಾಸಗಿಯಾಗಿ ಅದೇ ಪತ್ತೆ ಕೆಲಸ ಮಾಡಿಕೊಂಡಿರುವವನು. ಈ ಇನ್ಸ್‌ಪೆಕ್ಟರ್ ನನ್ನ ಕೈಕೆಳಗೇ ಪಳಗಿದವನು. ಈಗ ನನಗೇ ಪಾಠ ಹೇಳುತ್ತಾನೆ.

ಹ್ಯಾಂಗರಿನ ಸಿಮೆಂಟು ನೆಲಕ್ಕೆ ಟಾರ್ಪಾಲು ಹಾಸಿ ವಿಮಾನದ ತುಂಡುಗಳನ್ನು ಅವುಗಳ ಜಾಗದಲ್ಲೇ ಜೋಡಿಸಿಟ್ಟಿದ್ದರು. ಮೂತಿ ಮುಂದೆ, ಬಾಲ ಹಿಂದೆ, ನಡುವೆ ಒಂದರ ಹಿಂದೊಂದು ಎರಡು ಸೀಟು. ಹಳೇ ಯುದ್ಧಕಾಲದಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಹಳದಿ ವಿಮಾನ. ಹೋದ ವಾರ ಬೆಳಿಗ್ಗೆ ಅದು ರನ್‌ವೇಯಿಂದ ಮೇಲೆದ್ದು, ಕಾಲುವೆಯಾಚೆಯ ಹೊಲದಲ್ಲಿ ಬಿದ್ದು, ಹಾರಿಸುತ್ತಿದ್ದ ಕ್ಯಾಪ್ಟನ್ ಸತ್ತಿದ್ದರು. ಆ ಸಾವಿಗೆ ಹೊಣೆ ಎಂದು ನನ್ನ ಹೆಂಡತಿಯ ತಮ್ಮನನ್ನು ಇವತ್ತು ಸಂಜೆ ಬಂಧಿಸುವವರಿದ್ದರು.

ಹೆಂಡತಿಯ ತಮ್ಮ ಎಂದರೆ ಅವಳಿಗೆ ಬರೀ ತಮ್ಮನಲ್ಲ. ತಾಯಿ ತೀರಿಕೊಂಡಾಗ ಇವನಿಗಿನ್ನೂ ಹಾಲುಹಲ್ಲು. ಎತ್ತಿ ಆಡಿಸಿ, ಬೈದು, ಓದಿಸಿ ಮನುಷ್ಯನನ್ನಾಗಿ ಮಾಡಿದ್ದು ಅವಳೇ. ಈಗಲೂ ನಮ್ಮ ಮನೆಯ ಮೇಲಿನ ಕೋಣೆಯಲ್ಲೇ ಇವನ ವಾಸ. ಚಿಕ್ಕಂದಿನಲ್ಲಿ ರೇಡಿಯೋ ಬಿಚ್ಚಿ ಮತ್ತೆ ಜೋಡಿಸಿದಾಗ ಒಂದು ನಟ್ಟು ಉಳಿದುಹೋಗಿತ್ತಂತೆ. ಅವತ್ತಿನಿಂದ ಇವನ ಹೆಸರೇ ನಟ್ಟು. ಇವತ್ತು ಈ ಹ್ಯಾಂಗರಿನ ಮುಖ್ಯ ಮೆಕ್ಯಾನಿಕ್ಕು.

ಬೆಳಿಗ್ಗೆ ಹೊರಡುವಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, "ಅವನನ್ನ ಬಿಡಿಸ್ಕೊಂಡೇ ಬನ್ನಿ. ಇಲ್ಲಾಂದ್ರೆ ಬರ್ಲೇಬೇಡಿ," ಅಂದಿದ್ದಳು. ಊಟದ ಆಸೆ ಇರುವವನು ಇದಕ್ಕಿಂತ ಹೆಚ್ಚು ಹೇಳಿಸಿಕೊಳ್ಳಬಾರದು.

ನಟ್ಟು ಒಂದು ಮರದ ಪೆಟ್ಟಿಗೆಯ ಮೇಲೆ ಕೂತಿದ್ದ. ಉದ್ದನೆಯ ಆಳು. ಕೂತರೂ ಮಂಡಿ ಎದೆಗೆ ಬರುತ್ತದೆ. ಒಂದು ವಾರದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ.

"ಬೆಲ್ಟು ಕಟ್ಟಿದ್ಯೇನೋ ಇಲ್ವೇನೋ?" ಎಂದು ಬೆಳಿಗ್ಗೆಯಿಂದ ನಾಲ್ಕನೇ ಸಲವೋ ಐದನೇ ಸಲವೋ ಕೇಳಿದೆ.

ಮೈಯೆಲ್ಲ ಉರಿಯಿತು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೂ ಹೀಗೆ ಕಲ್ಲಿನ ಹಾಗೆ ಕೂತರೆ ಎಂಥವನಿಗೂ ಕೋಪ ಬರುತ್ತದೆ.

ಬೆಲ್ಟಿನ ವಿಷಯ ಇಷ್ಟು. ಈ ವಿಮಾನವನ್ನು ಏರಿಸಿ ಇಳಿಸಲು ಮುಂದೊಂದು ಸ್ಟಿಕ್ಕು, ಹಿಂದೊಂದು ಸ್ಟಿಕ್ಕು. ಕೆಳಗೆ ಎರಡಕ್ಕೂ ಒಂದೇ ಸರಳು. ಒಂದು ಅಲ್ಲಾಡಿದರೆ ಇನ್ನೊಂದೂ ಅಲ್ಲಾಡಬೇಕು. ಹಿಂದಿನ ಸೀಟು ಖಾಲಿಯಿದ್ದರೆ, ಕೊನೆಗೆ ಇಳಿದವನು ಅಲ್ಲಿನ ಬೆಲ್ಟುಗಳನ್ನು ಪೂರ್ತಿ ಬಿಗಿದು ಪಿನ್ನು ಹಾಕಿ ಬರಬೇಕು. ಹಾಗೆ ಮಾಡದಿದ್ದರೆ ಜೋಲುಬಿದ್ದ ಬೆಲ್ಟು ಮೇಲೆ ಹೋದಾಗ ಹಿಂದಿನ ಸ್ಟಿಕ್ಕಿಗೆ ಸುತ್ತಿಕೊಳ್ಳುತ್ತದೆ. ಮುಂದೆ ಕೂತವನು ಎಷ್ಟು ಎಳೆದರೂ ಸ್ಟಿಕ್ಕು ಬಗ್ಗುವುದಿಲ್ಲ.

"ಬಿದ್ದ ಜಾಗದಲ್ಲಿ ಬೆಲ್ಟು ಬಿಚ್ಚಿತ್ತು, ಸ್ಟಿಕ್ಕಿನ ಮೇಲೇ ಬಿದ್ದಿತ್ತು," ಎಂದ ಇನ್ಸ್‌ಪೆಕ್ಟರ್. "ಫೋಟೋ ಇದೆ. ಕೊನೆಗೆ ಇಳಿದೋನು ನಿಮ್ಮ ಭಾಮೈದ. ನಾನೇನು ಮಾಡ್ಲಿ ಹೇಳಿ ಸಾರ್?"

"ಮರೆತಿರೋದೂ ಒಂದು ಅಪರಾಧವೇನಯ್ಯಾ?"

"ಮರೆತಿದ್ರೆ ಅದು ಬೇರೆ ಮಾತು," ಎಂದು ಹಿಂದಿನಿಂದ ಒಂದು ಧ್ವನಿ ಬಂತು.

ಅಧ್ಯಕ್ಷರು. ಈ ವಿಮಾನಗಳನ್ನೆಲ್ಲ ಕಾಪಾಡಿಕೊಂಡು ಬಂದಿರುವ ಸಂಘದ ಅಧ್ಯಕ್ಷರು. ಇಸ್ತ್ರಿ ಮಾಡಿದ ಶರ್ಟು, ಎಣ್ಣೆಯ ಹನಿ ಕಂಡರೆ ಸುತ್ತಿ ಬರುವ ಬೂಟು. ಅವರ ಬೆನ್ನ ಹಿಂದೆ ಉಳಿದ ಹಳೇ ವಿಮಾನಗಳು ನಿಂತಿದ್ದವು. ಪ್ರತಿಯೊಂದು ಇಂಜಿನ್ನಿನ ಕೆಳಗೂ ಸೋರುವ ಎಣ್ಣೆ ಹಿಡಿಯಲು ತಗಡಿನ ತಟ್ಟೆ.

"ಇಲ್ಲೊಂದು ಪದ್ಧತಿ ಇದೆ," ಎಂದರು ಅಧ್ಯಕ್ಷರು. "ರಿಪೇರಿ ಆದ ಮೇಲೆ ಮೊದಲನೇ ಸಲ ಹಾರೋವಾಗ, ಕೊನೆಗೆ ಕೈ ಹಾಕಿದೋರು ಹಿಂದಿನ ಸೀಟಲ್ಲಿ ಕೂರ್ಬೇಕು. ತನ್ನ ಕೆಲಸದ ಮೇಲೆ ತನ್ನ ಪ್ರಾಣ ಇಡಬೇಕು ಅಂತ. ಕ್ಯಾಪ್ಟನ್ ಇದರಲ್ಲಿ ಬಹಳ ಕಟ್ಟುನಿಟ್ಟು. ನಟ್ಟು ಪ್ರತಿ ಸಲ ಕೂರ್ತಿದ್ದ. ಆವತ್ತು ಮಾತ್ರ ಕೂರಲಿಲ್ಲ. ಯಾಕೆ ಅಂತ ನೀವೇ ಕೇಳಿ."

ಕೇಳಿದೆ. ನಟ್ಟು ತನ್ನ ಉಗುರಿನ ಸಂದಿಯ ಕಪ್ಪು ನೋಡುತ್ತ ಕೂತ.

ಸಿಟ್ಟನ್ನು ಅಧ್ಯಕ್ಷರ ಕಡೆ ತಿರುಗಿಸಿದೆ. "ನೀವು ಆವಾಗ ಎಲ್ಲಿದ್ರಿ ಸ್ವಾಮಿ?"

"ಆಫೀಸಲ್ಲಿ. ವಿಮಾನ ಮೇಲೆದ್ದ ಸದ್ದಿಗೆ ಕಿಟಕಿಗೆ ಬಂದೆ. ಇವನು ಕೆಳಗೆ ಒಬ್ಬನೇ ನಿಂತಿದ್ದ. ಅದು ಬಿದ್ದ ತಕ್ಷಣ ಬೈಕ್ ಹತ್ತಿ ಹೋದ. ನಾವು ಫೈರ್ ವ್ಯಾನಲ್ಲಿ ಸುತ್ತಿ ಬಳಸಿ ಹೋಗೋವಷ್ಟರಲ್ಲಿ ಎಲ್ಲ ಮುಗಿದಿತ್ತು."

"ನಿಮಗೂ ಕ್ಯಾಪ್ಟನ್‌ಗೂ ಎಣ್ಣೆ ಸೀಗೆಕಾಯಿ ಅಂತ ಊರೆಲ್ಲ ಮಾತಾಡುತ್ತೆ."

ಅವರು ಮುಖ ಸಿಂಡರಿಸಲಿಲ್ಲ. "ಹೌದು. ಇದನ್ನ ಹಾರಿಸಬೇಡಿ, ಮ್ಯೂಸಿಯಮ್ಮಿನಲ್ಲಿ ತೂಗುಹಾಕೋಣ, ಇದರಂಥದು ಇನ್ನೊಂದು ಸಿಗಲ್ಲ ಅಂತ ಬಾಯಿ ಬಡ್ಕೊಂಡೆ. ಹಾರದೇ ಇದ್ರೆ ಅದು ವಿಮಾನವೇ ಅಲ್ಲ, ಬರೀ ಕಬ್ಬಿಣ ಅಂತ ಅವರ ವಾದ. ಆದ್ರೆ ನನ್ನ ಮಾತು ಬಿಡಿ. ಈ ವಿಷಯದಲ್ಲಿ ನಟ್ಟು ಯಾರ ಕಡೆ ಇದ್ದ ಅಂತ ಕೇಳಿದ್ದೀರಾ? ನನ್ನ ಕಡೆ."

ನಟ್ಟು ಮೊದಲನೇ ಸಲ ತಲೆ ಎತ್ತಿದ. ಎತ್ತಿ, ಮತ್ತೆ ಬಗ್ಗಿಸಿದ.

ಅದರಲ್ಲೇನು ಆಶ್ಚರ್ಯ? ತುಕ್ಕು ಹಿಡಿದು ಯಾವುದೋ ಶೆಡ್ಡಿನಲ್ಲಿ ಕೋಳಿ ಗೂಡಾಗಿದ್ದ ವಿಮಾನ ಅದು. ಇವನೇ ತಂದು, ವರ್ಷಗಟ್ಟಲೆ ಉಜ್ಜಿ, ಹುಡುಕಿ, ಇಲ್ಲದ ಭಾಗಗಳನ್ನು ಕೈಯಲ್ಲೇ ಮಾಡಿ ಎಬ್ಬಿಸಿ ನಿಲ್ಲಿಸಿದವನು. ಹೆಣ್ಣು ನೋಡಲು ಹೋಗೋಣ ಎಂದರೆ 'ರೆಕ್ಕೆ ಮುಗಿಯಲಿ ಭಾವ' ಎನ್ನುತ್ತಿದ್ದ. ಅದು ಬಿದ್ದೀತು ಎಂಬ ಭಯ ಇವನಿಗಿಲ್ಲದೆ ಇನ್ಯಾರಿಗಿರಬೇಕು? ಅಧ್ಯಕ್ಷರ ಮಾತನ್ನು ನಾನು ಅಲ್ಲಿಗೇ ಬಿಟ್ಟೆ.

ಮತ್ತೆ ಹಿಂದಿನ ಸೀಟಿನ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕೂತೆ.

ಬಾಲದ ಕಡೆಯ ಭಾಗಗಳಿಗೆ ತಗಡಲ್ಲ, ಬಟ್ಟೆ. ದಪ್ಪನೆಯ ಬಟ್ಟೆಯನ್ನು ಕಡ್ಡಿಗಳ ಮೇಲೆ ಬಿಗಿದು ಕೈಯಲ್ಲೇ ಹೊಲಿದು, ಮೇಲೆ ಬಣ್ಣ ಬಳಿದು ಗಟ್ಟಿ ಮಾಡುತ್ತಾರೆ. ಆ ಹೊಲಿಗೆ ನನ್ನ ಹೆಂಡತಿಯದು. ಮನೆಯಲ್ಲಿ ಹಾಸಿಗೆಯ ಮೇಲೆಲ್ಲ ಬಟ್ಟೆ ಹರಡಿಕೊಂಡು ಅವಳು ಹೊಲಿಯುವಾಗ ನಾನು ಎಷ್ಟು ಗೊಣಗಿದ್ದೇನೋ. ಅಷ್ಟು ಎತ್ತರದಿಂದ ಬಿದ್ದರೂ ಒಂದು ಎಳೆಯೂ ಕಿತ್ತಿರಲಿಲ್ಲ. ಅವಳಿಗೆ ಇದನ್ನು ಹೇಳಬೇಕು ಅಂದುಕೊಂಡೆ.

ಬೆಲ್ಟುಗಳು ಹೊಲದ ಕೆಸರು ಒಣಗಿ ಗಟ್ಟಿಯಾಗಿದ್ದವು. ಯಾರೂ ತೊಳೆದಿರಲಿಲ್ಲ.

"ಒಂದು ಒದ್ದೆ ಬಟ್ಟೆ ಕೊಡಯ್ಯಾ."

"ಸಾರ್, ನನ್ನ ಕೆಲಸಕ್ಕೇ ಸಂಚಕಾರ ತರ್ತೀರಿ ನೀವು," ಎಂದು ಇನ್ಸ್‌ಪೆಕ್ಟರ್ ಗೋಳಾಡಿದ. ಆದರೂ ಫೋಟೋ ತೆಗೆಸಿಕೊಂಡು, ಒದ್ದೆ ಬಟ್ಟೆಯನ್ನೂ ತರಿಸಿಕೊಟ್ಟ.

ಎರಡು ಭುಜದ ಬೆಲ್ಟು, ಎರಡು ಸೊಂಟದ ಬೆಲ್ಟು. ನಾಲ್ಕಕ್ಕೂ ಸಾಲಾಗಿ ತೂತು, ತೂತಿಗೆಲ್ಲ ಹಿತ್ತಾಳೆಯ ಬಳೆ. ಕೂತವನ ಮೈಗೆ ಸರಿಯಾಗಿ ಒಂದೊಂದು ಬೆಲ್ಟಿನ ಒಂದೊಂದು ತೂತನ್ನು ಹೊಟ್ಟೆಯ ಮುಂದೆ ಸೇರಿಸಿ, ಎಲ್ಲದರೊಳಗೆ ಒಂದೇ ದಪ್ಪ ಪಿನ್ನು ತೂರಿಸುವುದು. ಬಿಚ್ಚಬೇಕಾದರೆ ಆ ಪಿನ್ನು ಎಳೆದರೆ ಸಾಕು.

ಉಜ್ಜುತ್ತ ಹೋದಂತೆ ಹಿತ್ತಾಳೆ ಹೊಳೆಯಿತು. ಒಂದು ತೂತು ಮಿಕ್ಕವಕ್ಕಿಂತ ನುಣ್ಣಗಿತ್ತು, ಬಹಳ ದಿನ ಬಳಸಿ ಸವೆದದ್ದು. ಅದು ನಟ್ಟುವಿನದು. ಉದ್ದ ಮೈಯವನು ಕೂತರೆ ಬೆಲ್ಟು ಅಲ್ಲಿಯವರೆಗೆ ಬರಬೇಕು.

ಅದರಿಂದ ಬಹಳ ಒಳಗೆ ಇನ್ನೊಂದು ತೂತು. ಅದು ದುಂಡಗಿರಲಿಲ್ಲ.

ನಾಲ್ಕೂ ಬೆಲ್ಟುಗಳನ್ನು ಪಕ್ಕಪಕ್ಕ ಇಟ್ಟೆ. ನಾಲ್ಕರಲ್ಲೂ ಒಂದೊಂದು ತೂತು ಎಳೆತಕ್ಕೆ ಹಿಗ್ಗಿ ಮೊಟ್ಟೆಯಾಕಾರವಾಗಿತ್ತು. ಬಳೆ ಬಟ್ಟೆಯಿಂದ ಅರ್ಧ ಕಿತ್ತು ಬಂದಿತ್ತು. ಓಡಿಹೋಗಿ ಮುಂದಿನ ಸೀಟಿನದನ್ನು ಉಜ್ಜಿದೆ. ಕ್ಯಾಪ್ಟನ್ ಹಾಕಿಕೊಂಡಿದ್ದ ತೂತೂ ಹಾಗೇ ಹಿಗ್ಗಿತ್ತು.

"ಬಾರಯ್ಯಾ ಇಲ್ಲಿ. ಮುಂದಿನ ತೂತು ಯಾಕೆ ಹೀಗಾಯ್ತು?"

"ಬಿದ್ದಾಗ ಕ್ಯಾಪ್ಟನ್ ಮೈಭಾರ ಒಟ್ಟಿಗೇ ಮುಂದಕ್ಕೆ ಎಳೆದಿರುತ್ತೆ ಸಾರ್."

"ಹಾಗಾದ್ರೆ ಹಿಂದಿನದು ಯಾಕೆ ಹೀಗಾಯ್ತು? ಖಾಲಿ ಸೀಟಿಗೆ ಮೈಭಾರ ಎಲ್ಲಿಂದ ಬಂತು?"

ಇನ್ಸ್‌ಪೆಕ್ಟರ್ ಬಗ್ಗಿ ತೂತನ್ನು ತಾನೇ ಬೆರಳಿನಿಂದ ಮುಟ್ಟಿ ನೋಡಿದ.

"ಬೆಲ್ಟು ಬಿಚ್ಚಿ ಜೋಲಾಡ್ತಾ ಇರಲಿಲ್ಲ. ಪಿನ್ನು ಹಾಕಿತ್ತು. ಅದರೊಳಗೆ ಒಂದು ಜೀವ ಇತ್ತು. ಬಿದ್ದ ಮೇಲೆ ಆ ಜೀವ ತಾನೇ ಪಿನ್ನು ಎಳೆದು ಎದ್ದು ಹೋಗಿದೆ. ಬೆಲ್ಟು ಸ್ಟಿಕ್ಕಿನ ಮೇಲೆ ಬಿದ್ದಿದ್ದು ಆಮೇಲೆ."

"ಹಾಗಾದ್ರೆ ಯಾರು ಸಾರ್?"

"ನೀನಂತೂ ಅಲ್ಲ. ಬಾ, ಅಳತೆ ನೋಡೋಣ." ಹಿಗ್ಗಿದ ತೂತುಗಳಿಗೆ ಪಿನ್ನು ಹಾಕಿ ಅವನ ಹೊಟ್ಟೆಗೆ ಸುತ್ತಲು ಹೋದೆ. ಅರ್ಧ ಹೊಟ್ಟೆಯೂ ಒಳಗೆ ಹೋಗಲಿಲ್ಲ. "ಊಟ ಕಡಿಮೆ ಮಾಡಯ್ಯಾ. ಸಣ್ಣ ಮೈಯವರು ಯಾರೋ ಕೂತಿದ್ದಾರೆ. ಇವನೂ ಅಲ್ಲ, ನಾನೂ ಅಲ್ಲ."

ಗೆದ್ದ ಹುಮ್ಮಸ್ಸಿನಲ್ಲಿ ನಟ್ಟುವಿನ ಕಡೆ ತಿರುಗಿದೆ. ಅವನು ಎದ್ದು ನಿಂತಿದ್ದ.

"ಭಾವ, ಸಾಕು. ಬಿಟ್ಬಿಡಿ," ಎಂದ. ವಾರದಿಂದ ಮಾತಾಡದ ಧ್ವನಿ ಒಡೆದುಹೋಗಿತ್ತು. "ಬೆಲ್ಟು ಕಟ್ಟೋದು ಮರೆತೆ. ನಂದೇ ತಪ್ಪು. ಎಲ್ಲಿ ಬರ್ಕೊಡ್ಬೇಕೋ ಬರ್ಕೊಡ್ತೀನಿ."

"ಮುಚ್ಚೋ ಬಾಯಿ! ಮರೆತಿಲ್ಲ ಅಂತ ಇಲ್ಲಿ ಹಿತ್ತಾಳೆ ಹೇಳ್ತಾ ಇದೆ, ಮರೆತೆ ಅಂತ ನೀನು ಹೇಳ್ತೀಯಾ? ಯಾರನ್ನ ಕೂರಿಸಿದ್ದೆ?"

"ಯಾರೂ ಇಲ್ಲ."

"ಯಾರನ್ನ ಮುಚ್ಚಿಡ್ತಾ ಇದ್ದೀಯೋ?"

"ನಿಮ್ಮ ಕಾಲಿಗೆ ಬೀಳ್ತೀನಿ ಭಾವ, ಕೇಳಬೇಡಿ."

ನಿಜವಾಗಿಯೂ ಬಗ್ಗಿದ. ನಾನೇ ರಟ್ಟೆ ಹಿಡಿದು ಎತ್ತಿ ನಿಲ್ಲಿಸಿದೆ. ಬಿಡುಗಡೆಯಾಗುತ್ತಿರುವವನು ಹೀಗೆ ಕಾಲಿಗೆ ಬೀಳುವುದನ್ನು ನನ್ನ ಇಡೀ ನೌಕರಿಯಲ್ಲಿ ಕಂಡಿರಲಿಲ್ಲ. ಯಾವುದೋ ಹುಡುಗಿ ಇರಬೇಕು, ಪರವಾನಗಿ ಇಲ್ಲದವಳನ್ನು ಆಸೆಗೆ ಕೂರಿಸಿ ಸಿಕ್ಕಿಬಿದ್ದಿದ್ದಾನೆ ಅಂದುಕೊಂಡೆ. ಒಳಗೊಳಗೇ ನಗುವೂ ಬಂತು. ಕಡೆಗೂ ರೆಕ್ಕೆಯಾಚೆ ಒಂದು ಪ್ರಪಂಚ ಇದೆ ಎಂದು ಇವನಿಗೆ ತಿಳಿಯಿತಲ್ಲ!

ಇನ್ಸ್‌ಪೆಕ್ಟರ್ ನನ್ನನ್ನು ಪಕ್ಕಕ್ಕೆ ಕರೆದ. "ಬೆಲ್ಟು ಕಟ್ಟಲಿಲ್ಲ ಅನ್ನೋದೊಂದೇ ಇವನ ಮೇಲಿದ್ದ ದೂರು. ಅದೀಗ ನಿಲ್ಲಲ್ಲ. ಒಂದು ಹೇಳಿಕೆ ಬರೆಸ್ಕೊಂಡು ನಾನೇ ಜೀಪಲ್ಲಿ ಮನೆಗೆ ಬಿಟ್ಟು ಬರ್ತೀನಿ. ಆದ್ರೆ ಹಿಂದೆ ಕೂತೋರು ಯಾರು ಅಂತ ನಾಳೆ ನನಗೆ ಬೇಕೇ ಬೇಕು ಸಾರ್."

"ನಾಳೆ ನಾನೇ ಬಾಯಿ ಬಿಡಿಸ್ತೀನಿ."

ಜೀಪು ಹತ್ತುವಾಗ ನಟ್ಟು ತಿರುಗಿ ಕೇಳಿದ. "ಭಾವ, ನೀವು ಈಗ ಮನೆಗಾ?"

"ಇಲ್ಲಪ್ಪಾ. ಅಧ್ಯಕ್ಷರ ಆಫೀಸಲ್ಲಿ ನನಗೆ ಸ್ವಲ್ಪ ಕೆಲಸ ಇದೆ. ತಡವಾಗುತ್ತೆ."

ಆದರೆ ಅಧ್ಯಕ್ಷರು ಆಗಲೇ ಕಾರು ಹತ್ತಿ ಹೊರಟುಹೋಗಿದ್ದರು. ನಾನು ಬಸ್ಸು ಹಿಡಿದು ಮನೆಗೆ ಬಂದೆ. ಬಸ್ಸಿನಲ್ಲಿ ಪಕ್ಕದವನಿಗೆ ತೊಂದರೆಯಾಗುವಷ್ಟು ಒಬ್ಬನೇ ನಗುತ್ತಿದ್ದೆ ಅನಿಸುತ್ತದೆ.

ಹೆಂಡತಿ ಊಟದ ಮೇಜಿನ ಹತ್ತಿರ ನಿಂತು ಬಟ್ಟೆ ಮಡಚುತ್ತಿದ್ದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಬೂಟು ಕೂಡ ಬಿಚ್ಚದೆ ಒಳಗೆ ನುಗ್ಗಿದೆ.

"ಬಿಡಿಸಿದೆ ಕಣೇ ನಿನ್ನ ತಮ್ಮನ್ನ! ಈಗ ಬರ್ತಾನೆ. ಇನ್ನಾದ್ರೂ ಊಟ ಹಾಕ್ತೀಯೋ ಇಲ್ವೋ?" ಎಂದು ಅವಳ ಎರಡೂ ಹೆಗಲು ಹಿಡಿದು ಕುಲುಕಿದೆ.

"ಅಯ್ಯಮ್ಮಾ!" ಎಂದು ಅವಳು ಚೀರಿದಳು.

ಸಂತೋಷದ ಚೀರಾಟವಲ್ಲ. ನೋವಿನದು. ಕೈ ಬಿಟ್ಟೆ. ಅವಳು ಮೇಜು ಹಿಡಿದು ಹಲ್ಲು ಕಚ್ಚಿ ನಿಂತಳು. ಕಣ್ಣಿನಲ್ಲಿ ನೀರು ತುಂಬಿಬಂತು.

"ಏನಾಯ್ತೇ?"

"ಏನಿಲ್ಲ. ಥಂಡಿಗೆ ಮೈ ಹಿಡ್ಕೊಂಡಿದೆ."

ಥಂಡಿ ಎಲ್ಲಿತ್ತು? ಅವಳು ಕುತ್ತಿಗೆ ಮುಚ್ಚುವ ಸ್ವೆಟರ್ ಹಾಕಿಕೊಂಡಿದ್ದಳು. ನಿನ್ನೆಯೂ ಅದೇ, ಮೊನ್ನೆಯೂ ಅದೇ. ಮಲಗುವಾಗ ನನ್ನ ಗೊರಕೆಗೆ ನಿದ್ದೆ ಬರಲ್ಲ ಎಂದು ಪಕ್ಕದ ಕೋಣೆಗೆ ಹೋಗುತ್ತಿದ್ದಳು. ನನ್ನ ಗೊರಕೆ ಹೊಸದೇನಲ್ಲ.

"ಇಲ್ಲಿ ಬಾ," ಅಂದೆ.

"ಬೇಡ ರೀ."

ಸ್ವೆಟರಿನ ಕುತ್ತಿಗೆಯನ್ನು ಮೆಲ್ಲಗೆ ಸರಿಸಿದೆ. ಹೆಗಲಿನಿಂದ ಎದೆಯ ಕಡೆಗೆ ಇಳಿದ ಒಂದು ಪಟ್ಟೆ. ಅಂಚಿನಲ್ಲಿ ಹಸಿರಾಗಿ ನಡುವೆ ಇನ್ನೂ ನೇರಳೆಯಾಗಿತ್ತು. ಇನ್ನೊಂದು ಹೆಗಲಲ್ಲೂ ಅಷ್ಟೇ ಅಗಲದ್ದು. ವಾರದ ಹಿಂದಿನ ಪೆಟ್ಟು ಯಾವ ಬಣ್ಣ ತಿರುಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಅಗಲ ಎಷ್ಟು ಎಂಬುದೂ ಗೊತ್ತಿತ್ತು. ಆಗತಾನೇ ಕೈಯಲ್ಲಿ ಹಿಡಿದು ಉಜ್ಜಿ ಬಂದಿದ್ದೆ.

ಕುರ್ಚಿ ಎಳೆದು ಕೂತೆ.

"ನೀನಾ?"

ಅವಳು ಸ್ವೆಟರಿನ ಕುತ್ತಿಗೆಯನ್ನು ಮತ್ತೆ ಮೇಲಕ್ಕೆ ಎಳೆದುಕೊಂಡಳು.

"ಮಹರಾಯ್ತಿ, ನೀನಾ ಅದರೊಳಗೆ ಕೂತಿದ್ದೆ? ಸತ್ತುಹೋಗಿದ್ರೆ? ನಾನೇನು ಮಾಡ್ಬೇಕಾಗಿತ್ತು?"

"ಕೂಗಬೇಡಿ. ಪಕ್ಕದ ಮನೆಯವರಿದ್ದಾರೆ."

"ಊರೇ ಕೇಳ್ಲಿ! ಯಾಕೆ ಕೂತೆ?"

"ಕೊನೆ ಕೆಲಸ ನಂದಾಗಿತ್ತು," ಎಂದಳು. ಧ್ವನಿ ತಣ್ಣಗಿತ್ತು. "ಬಾಲದ ಬಟ್ಟೆ ಹರಿದಿತ್ತಲ್ಲ, ಹಿಂದಿನ ದಿನ ಹೋಗಿ ಹೊಲಿದು ಬಂದೆ. ಇಂಜಿನ್ ಕೆಲಸ ಅದಕ್ಕಿಂತ ಮೊದಲೇ ಮುಗಿದಿತ್ತು. ಕ್ಯಾಪ್ಟನ್ ಫೋನ್ ಮಾಡಿ, ಅಮ್ಮಾ, ಈ ಸಲ ನಿಮ್ಮ ಸರದಿ, ನೀವು ಕೂರದಿದ್ರೆ ನಾನು ಹಾರ್ಸಲ್ಲ ಅಂತ ನಕ್ಕರು. ನನಗೂ ಆಸೆ ಇತ್ತು ರೀ. ಎಷ್ಟು ವರ್ಷದಿಂದ ಹೊಲಿತಾ ಇದ್ದೀನಿ, ಒಂದ್ಸಲ ಮೇಲಿಂದ ನೋಡ್ಬಾರ್ದಾ? ನಿಮಗೆ ಹೇಳಿದ್ರೆ ಬಿಡ್ತಿದ್ರಾ?"

ಬಿಡುತ್ತಿರಲಿಲ್ಲ. ಆ ಮಾತು ನಿಜ.

"ಹಾಗಾದ್ರೆ ನಟ್ಟು ಬಾಯಿ ಬಿಡದೇ ಇದ್ದಿದ್ದು ನಿನಗೋಸ್ಕರ," ಅಂದೆ. ಆ ಹುಡುಗನ ಮೇಲೆ ಒಮ್ಮೆಲೇ ಪ್ರೀತಿ ಉಕ್ಕಿತು. "ಅಕ್ಕನ ಹೆಸರು ಬರಬಾರದು ಅಂತ ಜೈಲಿಗೇ ಹೊರಟಿದ್ದನಲ್ಲ, ಪುಣ್ಯಾತ್ಮ. ನಾಳೆ ನಾನೇ ಇನ್ಸ್‌ಪೆಕ್ಟರಿಗೆ ಎಲ್ಲ ಹೇಳ್ತೀನಿ. ಪರವಾನಗಿ ಇಲ್ಲದೆ ಕೂತಿದ್ದು ತಪ್ಪೇ. ಅದಕ್ಕೇನು ನೇಣಿಗೆ ಹಾಕ್ತಾರಾ?"

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಆ ನೋಟ ನನಗೆ ಹಿಡಿಸಲಿಲ್ಲ.

"ಇನ್ನೇನಿದೆಯೇ?"

"ಆವತ್ತು ಬೆಳಿಗ್ಗೆ ನಾನು ಹೋದಾಗ ಅವನು ಇಂಜಿನ್ ಮುಚ್ಚಳ ಹಾಕ್ತಾ ಇದ್ದ," ಎಂದಳು. "ಒಬ್ಬನೇ. ನನ್ನ ನೋಡಿದ ತಕ್ಷಣ ಸ್ಪ್ಯಾನರ್ ಜೇಬಿಗೆ ಹಾಕ್ಕೊಂಡ. ಆಮೇಲೆ ಕ್ಯಾಪ್ಟನ್ ಬಂದು, ಏನಪ್ಪಾ, ಬೆಳಿಗ್ಗೆ ಏನಾದ್ರೂ ಕೈ ಹಾಕಿದ್ಯಾ, ಹಾಗಿದ್ರೆ ನೀನೇ ಕೂರ್ಬೇಕಾಗುತ್ತೆ ಅಂದ್ರು. ಇಲ್ಲ, ನಾನು ಮುಟ್ಟೇ ಇಲ್ಲ ಅಂದ. ಕಣ್ಣಲ್ಲಿ ಕಣ್ಣಿಟ್ಟು ಅಂದ ರೀ. ಅವನು ಸುಳ್ಳು ಹೇಳಿದ್ದು ನಾನು ಯಾವತ್ತೂ ಕೇಳಿಲ್ಲ."

"ಏನೋ ಸಣ್ಣ ಕೆಲಸ ಇದ್ದಿರಬಹುದು."

"ನಾನು ಹತ್ತೋವಾಗ ಕೈ ಹಿಡ್ಕೊಂಡ. ಅಕ್ಕಾ ಇವತ್ತು ಬೇಡ, ಇನ್ನೊಂದಿನ ಹೋಗು ಅಂದ. ಭಾವ ಬೈತಾರೆ ಅಂತ ಹೆದರಿದ್ದಾನೆ ಅಂದ್ಕೊಂಡು ಕೈ ಕೊಡವಿ ಹತ್ತಿದೆ. ಯಾಕೆ ರೀ? ಇವತ್ತು ಬೇಡ ಅಂತ ಯಾಕಂದ?"

ನಟ್ಟು ತಮ್ಮ ಕಡೆ ಇದ್ದ ಎಂದು ಅಧ್ಯಕ್ಷರು ಹೇಳಿದ್ದು ಈಗ ಬೇರೆ ರೀತಿಯಲ್ಲಿ ಕೇಳಿಸಿತು. ಸ್ಟಾರ್ಟೇ ಆಗದಿರಲಿ, ಹಾರದೇ ಉಳಿಯಲಿ ಎಂದು ಏನಾದರೂ ಸಡಿಲಿಸಿದ್ದನೇ? ಸ್ಟಾರ್ಟ್ ಆಗಿಬಿಟ್ಟಿತೇ?

"ಮೇಲೆ ಹೋದ ಸ್ವಲ್ಪ ಹೊತ್ತಿಗೆ ಇಂಜಿನ್ ಕೆಮ್ಮಿ ಕೆಮ್ಮಿ ನಿಂತೋಯ್ತು," ಎಂದು ಅವಳು ಮುಂದುವರಿಸಿದಳು. "ಸ್ಟಿಕ್ಕು ಸರಿಯಾಗೇ ಇತ್ತು. ನನ್ನ ಕಾಲ ಮುಂದೇ ಅಲ್ಲಾಡ್ತಾ ಇತ್ತಲ್ಲ, ನೋಡಿದೀನಿ. ಹೆದರ್ಕೋಬೇಡಿ ಅಮ್ಮಾ ಅಂತ ಕೂಗಿ ಹೇಳಿ, ಮೆಲ್ಲಗೇ ಹೊಲಕ್ಕೆ ಇಳಿಸಿದ್ರು. ಚಕ್ರ ಬದುವಿಗೆ ಹೊಡೀತು. ಮೂತಿ ನೆಲಕ್ಕೆ ನಾಟಿ ನಿಂತಿತು."

"ಆ ಏಟಿಗೇ ಕ್ಯಾಪ್ಟನ್ ಹೋದ್ರು. ಡಾಕ್ಟರೂ ಅದನ್ನೇ ಬರೆದಿದ್ದಾರೆ."

"ಏಟಿಗೇ ಹೋದೋರು ನೀರು ಕೇಳ್ತಾರೇನ್ರೀ?"

ನಾನು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡೆ.

"ಬದುಕಿದ್ರು," ಎಂದಳು. "ಹಣೇ ಮೇಲೆ ರಕ್ತ ಇತ್ತು. ಮಾತಾಡ್ತಾ ಇದ್ರು. ನಿಮಗೇನೂ ಆಗಿಲ್ಲ ತಾನೇ ಅಂತ ನನ್ನನ್ನೇ ಕೇಳಿದ್ರು. ನೀರು ಅಂದ್ರು. ನಾನು ಕಾಲುವೆಗೆ ಓಡಿ, ತಲೆಗೆ ಕಟ್ಟಿದ್ದ ಬಟ್ಟೆ ಅದ್ದಿಕೊಂಡು ಬಂದೆ. ಬರೋ ಹೊತ್ತಿಗೆ ಬೈಕ್ ನಿಂತಿತ್ತು. ನಟ್ಟು ರೆಕ್ಕೆ ಮೇಲೆ ಹತ್ತಿ ಮುಂದಿನ ಸೀಟಿಗೆ ಬಗ್ಗಿದ್ದ. ಎರಡೂ ಕೈ ಒಳಗಿತ್ತು. ಏನ್ಮಾಡ್ತಿದ್ದ ಅಂತ ಕಾಣಿಸ್ಲಿಲ್ಲ. ಅವನ ಬೆನ್ನಷ್ಟೇ ಕಾಣಿಸ್ತಿತ್ತು."

"ಬಿಡಿಸ್ತಾ ಇದ್ದಿರಬೇಕು. ಬೆಲ್ಟು..."

"ನಾನೂ ಹಾಗೇ ಅಂದ್ಕೊಂಡೆ. ನಟ್ಟೂ, ನೀರು ತಂದೆ ಕಣೋ ಅಂತ ಕೂಗಿದೆ. ಅವನು ತಿರುಗಿದ. ಕ್ಯಾಪ್ಟನ್ ಅಲ್ಲಾಡ್ತಾ ಇರಲಿಲ್ಲ. ಅಕ್ಕಾ, ನೀನು ಇಲ್ಲಿ ಬಂದೇ ಇಲ್ಲ, ಓಡು ಅಂದ. ನಾನು ಓಡಿದೆ ರೀ. ಕೈಯಲ್ಲಿ ಒದ್ದೆ ಬಟ್ಟೆ ಹಿಡ್ಕೊಂಡೇ ಮನೆ ತನಕ ಬಂದೆ."

ಹೇಳುವುದು ಮುಗಿದ ಮೇಲೆ ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಏನಾದರೂ ಮಾಡಲು ತೋಚುತ್ತಿತ್ತು. ಬೆಳಿಗ್ಗೆ ಕೈ ಹಾಕಿದ್ಯಾ ಎಂದು ಕೇಳಿದ್ದ ಕ್ಯಾಪ್ಟನ್ ಬದುಕಿ ಉಳಿದಿದ್ದರೆ, ಇಂಜಿನ್ ಯಾಕೆ ನಿಂತಿತು ಎಂದು ಮೊದಲು ಇವನನ್ನೇ ಹಿಡಿಯುತ್ತಿದ್ದರು. ಬೆಲ್ಟು ಕಟ್ಟದ ಮರೆವಿಗೆ ಸಿಗುವ ಶಿಕ್ಷೆ ಸಣ್ಣದು. ನಟ್ಟು ಅದನ್ನೇ ಒಪ್ಪಿಕೊಳ್ಳುತ್ತೇನೆ ಎಂದು ನನ್ನ ಕಾಲಿಗೆ ಬೀಳಲು ಬಂದಿದ್ದ. ನಾನು ಅದನ್ನು ಅವನ ಕೈಯಿಂದ ಕಿತ್ತುಕೊಂಡು, ಬೆನ್ನು ತಟ್ಟಿಕೊಂಡು ಮನೆಗೆ ಬಂದಿದ್ದೆ.

"ಇಷ್ಟೆಲ್ಲ ಕಂಡೂ ಬಿಡಿಸ್ಕೊಂಡು ಬನ್ನಿ ಅಂತ ಯಾಕೆ ಕಳಿಸಿದೆ ನನ್ನ?" ಎಂದೆ. ಕೂಗಲು ಶಕ್ತಿಯಿರಲಿಲ್ಲ.

"ನೀವು ಎಲ್ಲ ನೋಡಿ ಬಂದು, ಅವನು ಏನೂ ಮಾಡಿಲ್ಲ ಕಣೇ ಅಂತ ಹೇಳ್ತೀರಿ ಅಂದ್ಕೊಂಡೆ. ನೀವು ಹೇಳಿದ್ರೆ ನಂಬ್ತಿದ್ದೆ. ಬೇಕಾದ್ರೆ ನನ್ನ ಕಣ್ಣನ್ನೇ ನಂಬ್ತಿರಲಿಲ್ಲ." ಅವಳು ನನ್ನ ತೋಳು ಹಿಡಿದಳು. "ಈಗ ಹೇಳಿ. ಅವನು ಮಾಡಿಲ್ಲ ಅಲ್ವಾ?"

ಎಷ್ಟೋ ತಾಯಂದಿರು, ಎಷ್ಟೋ ಹೆಂಡತಿಯರು ನನ್ನನ್ನು ಈ ಪ್ರಶ್ನೆ ಕೇಳಿದ್ದಾರೆ. ಅವರಿಗೆಲ್ಲ ಏನೋ ಒಂದು ಹೇಳಿ ಕಳಿಸಿದ್ದೇನೆ. ಇವಳಿಗೆ ಏನು ಹೇಳಲಿ? ಅವಳು ನನ್ನ ತೋಳು ಬಿಟ್ಟಳು.

ಹೊರಗೆ ಜೀಪು ನಿಂತ ಸದ್ದಾಯಿತು. ಇನ್ಸ್‌ಪೆಕ್ಟರ್ ಏನೋ ತಮಾಷೆ ಮಾಡಿ ನಕ್ಕ. ಜೀಪು ಮತ್ತೆ ಹೊರಟಿತು. ಗೇಟು ಕಿರುಗುಟ್ಟಿತು. ಉದ್ದ ಕಾಲಿನ ಆ ಹೆಜ್ಜೆಗಳು ಮೆಟ್ಟಿಲು ಹತ್ತಿ ಬಂದವು.

ನಾನು ಕುರ್ಚಿಯಿಂದ ಏಳುವ ಮುಂಚೆಯೇ ಅವಳು ಹೊರಟಳು. ಬಾಗಿಲ ಕಡೆ ಹೋದಳು. ತೆಗೆಯುತ್ತಾಳೆ, ತಬ್ಬಿಕೊಂಡು ಅಳುತ್ತಾಳೆ ಅಂದುಕೊಂಡೆ. ಅವಳು ಸದ್ದಾಗದ ಹಾಗೆ ಒಳಗಿನಿಂದ ಚಿಲಕ ಹಾಕಿ, ಬಾಗಿಲಿಗೆ ಎರಡೂ ಅಂಗೈ ಒತ್ತಿ ನಿಂತಳು.

ನಟ್ಟು ಬಾಗಿಲು ತಳ್ಳಿದ. ಇನ್ನೊಮ್ಮೆ ತಳ್ಳಿದ. ಆಮೇಲೆ ಬಾಗಿಲಿನ ಸಂದಿಗೆ ಬಾಯಿಟ್ಟು, ನಾನು ಅವನ ಬಾಯಲ್ಲಿ ಯಾವತ್ತೂ ಕೇಳಿರದ ಮೆಲ್ಲನೆಯ ಧ್ವನಿಯಲ್ಲಿ ಕೇಳಿದ:

"ಅಕ್ಕಾ, ಬಾಗಿಲು ತೆಗಿ. ಭಾವ ಇನ್ನೂ ಬಂದಿಲ್ಲ ಅಲ್ವಾ? ನೀನು ನೋಡಿದ್ದು ಅವರಿಗೆ ಹೇಳಿಲ್ಲ ತಾನೇ?"